ವ್ಯಾನಕ್ಕನ ಎಂಜಿನ್ ಸೋರಿದ್ದು

ಗಂಡ ಸತ್ತ ಮೇಲೆ ವ್ಯಾನಕ್ಕ ಮೊದಲ ಸಲ ವ್ಯಾನು ಹೊರಗೆ ತೆಗೆದ ದಿನವೇ ಅದು ಎಣ್ಣೆ ಸೋರಿಸಿತು.

ಲಾಡ್ಜಿಗೆ ಹೋಗಿ ಬಂದು ಅಂಗಳದಲ್ಲಿ ನಿಲ್ಲಿಸಿದ್ದಳು. ಕೊಳೆ ಬಟ್ಟೆಯ ಮೂಟೆ ಇಳಿಸಿ ಬಗ್ಗಿ ನೋಡಿದರೆ ಸಿಮೆಂಟಿನ ಮೇಲೆ ತಟ್ಟೆಯಗಲ ಕಪ್ಪು ಕಲೆ. ಬೆರಳಲ್ಲಿ ಒರೆಸಿ ಮೂಸಿದಳು. ಎಂಜಿನ್ ಆಯಿಲ್ಲೇ. ವ್ಯಾನಿಗೆ ವಯಸ್ಸಾಗಿತ್ತು, ಅದು ಸುಳ್ಳಲ್ಲ. ಬಣ್ಣ ಸುಲಿದಿತ್ತು. ಹಿಂದಿನ ಬಾಗಿಲು ಬೈದು ಎಳೆದರೆ ಮಾತ್ರ ಮುಚ್ಚುತ್ತಿತ್ತು. ಹಾರನ್ನು ನೆಗಡಿಯಾದ ಮೇಕೆಯ ಹಾಗೆ ಕೂಗುತ್ತಿತ್ತು. ಆದರೆ ಹೀಗೆ ನೆಲದ ಮೇಲೆ ಎಣ್ಣೆ ಬಿಟ್ಟಿದ್ದು ಯಾವತ್ತೂ ಇಲ್ಲ.

"ನೀನೊಬ್ಬ ಬಾಕಿ ಇದ್ದೆ" ಅಂದಳು ವ್ಯಾನಿಗೆ.

ವ್ಯಾನಕ್ಕ ಅಂತ ಹೆಸರಿಟ್ಟಿದ್ದು ಬೀದಿಯವರು. ಗಂಡ ಹೆಂಡತಿ ಇಬ್ಬರೂ ಲಾಡ್ಜುಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲು ತಂದು, ಒಗೆದು, ಇಸ್ತ್ರಿ ಮಾಡಿ ವಾಪಸ್ಸು ಮುಟ್ಟಿಸುವವರು. ಮನೆಯ ಹಿಂದೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಮಷಿನ್ನು, ಮಹಡಿಯ ಮೇಲೆ ತಂತಿ. ಒಂದೊಂದು ಲಾಡ್ಜಿನ ಬಟ್ಟೆಯ ಮೂಲೆಗೆ ಒಂದೊಂದು ಬಣ್ಣದ ದಾರದ ಹೊಲಿಗೆ ಹಾಕುವುದು ಅವಳ ಪಾಲಿನ ಕೆಲಸ. ಇಲ್ಲದಿದ್ದರೆ ಬಿಳಿ ಬಟ್ಟೆಯೆಲ್ಲ ಒಂದೇ ಥರ, ಯಾರದ್ದು ಯಾರಿಗೆ ಹೋಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಮೊದಮೊದಲು ಗಂಡ ಓಡಿಸುತ್ತಿದ್ದ, ಅವಳು ಮೂಟೆ ಹೊರುತ್ತಿದ್ದಳು. ಆಮೇಲೆ ಅವನೇ ಓಡಿಸುವುದು ಕಲಿಸಿದ. "ಕ್ಲಚ್ಚು ಬಿಡೋದು ಅಂದ್ರೆ ನಿದ್ದೆ ಹೋದ ಮಗೂ ಮುಷ್ಟಿಯಿಂದ ಬೆರಳು ಬಿಡಿಸ್ಕೊಂಡ ಹಾಗೆ" ಅಂದಿದ್ದ. ಅವರಿಗೆ ಮಕ್ಕಳಿರಲಿಲ್ಲ. ಆದರೂ ಆ ಮಾತು ಅವಳಿಗೆ ಒಂದೇ ಸಲಕ್ಕೆ ಅರ್ಥವಾಗಿತ್ತು.

ಅವನು ಸತ್ತದ್ದೂ ವ್ಯಾನಿನಲ್ಲೇ. ಅವತ್ತು ಮಧ್ಯಾಹ್ನ ಊಟ ಮಾಡಿ, "ಟೈರಿಗೆ ಗಾಳಿ ಹಾಕಿಸ್ಕೊಂಡು ಬರ್ತೀನಿ, ಟೀ ಇಟ್ಟಿರು" ಅಂತ ಹೇಳಿ ಹೋದ. ವ್ಯಾನು ಬಂದ ಸದ್ದಾಯಿತು. ಎಂಜಿನ್ ನಿಂತಿತು. ಬಾಗಿಲು ತೆಗೆದ ಸದ್ದು ಮಾತ್ರ ಆಗಲಿಲ್ಲ. ಟೀ ಆರಿತು. ಹೋಗಿ ನೋಡಿದರೆ ಸ್ಟೀರಿಂಗಿನ ಮೇಲೆ ಕೈ ಮಡಿಸಿ, ಕೈಯ ಮೇಲೆ ತಲೆಯಿಟ್ಟು ಕೂತಿದ್ದ. ಎದೆ ನಿಂತಿದೆ ಅಂದರು ಡಾಕ್ಟರು. ಸಾವಿನ ಮನೆಗೆ ಬಂದವರೆಲ್ಲ ಒಂದೇ ಮಾತು ಆಡಿದರು: ವ್ಯಾನಿನ ಮೇಲೆ ಪ್ರಾಣ ಇಟ್ಕೊಂಡಿದ್ದ, ವ್ಯಾನಲ್ಲೇ ಪ್ರಾಣ ಬಿಟ್ಟ. ಅವಳೂ ಬಂದವರಿಗೆಲ್ಲ ಆ ಗಾಳಿಯ ಮಾತು, ಟೀಯ ಮಾತು ಹೇಳಿದಳು. ಕೊನೆಯ ಮಾತು ಅಂತ ಅವಳ ಹತ್ತಿರ ಉಳಿದಿದ್ದು ಅದೊಂದೇ. ಬೇರೆ ಹೆಂಗಸರಿಗೆ ಗಂಡಂದಿರು ಏನೇನೋ ಹೇಳಿ ಸಾಯುತ್ತಾರಂತೆ. ಇವಳಿಗೆ ಟೈರು ಮತ್ತು ಟೀ. ಇಷ್ಟಾದರೂ ಇದೆಯಲ್ಲ ಅಂದುಕೊಂಡಿದ್ದಳು.

ಈಗ ಎಣ್ಣೆಯ ವಿಷಯ. ಈ ಥರದ ವ್ಯಾನುಗಳಲ್ಲಿ ಎಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಸೋರಿದ ಎಣ್ಣೆ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಡುತ್ತದೆ. ಸುಟ್ಟ ಹೊಗೆ ಸೀಟಿನ ಸಂದಿಯಿಂದ ಒಳಗೇ ಬರುತ್ತದೆ. ಒಳಗೆ ಏನಿದೆ? ಒಗೆದು ಮಡಿಸಿಟ್ಟ ಬೆಡ್‌ಶೀಟು. ಅದೂ ಕುಡಿದುಬಿಡುತ್ತದೆ, ಬಟ್ಟೆಯಷ್ಟು ವಾಸನೆ ಕುಡಿಯುವ ವಸ್ತು ಬೇರೊಂದಿಲ್ಲ.

ದೊಡ್ಡ ಲಾಡ್ಜಿನ ಮೇಡಂ ಒಂದು ಬೆಡ್‌ಶೀಟು ಕೊಡವಿ ಮೂಗಿಗೆ ಹಿಡಿದಳು.

"ಏನಮ್ಮ ಇದು, ಬೆಡ್‌ಶೀಟೋ ಗ್ಯಾರೇಜಲ್ಲಿ ಕೈ ಒರೆಸೋ ಬಟ್ಟೆಯೋ?"

"ಒಗೆದಿದ್ದೀನಿ ಮೇಡಂ. ನೋಡಿ, ಹಾಲಿನ ಹಾಗಿದೆ."

"ಬಿಳಿ ಇದೆ, ಯಾರು ಇಲ್ಲ ಅಂದ್ರು? ಬಂದವರು ಕಣ್ಣು ಮುಚ್ಕೊಂಡು ಮಲಗ್ತಾರೆ ಕಣಮ್ಮ. ಮೂಗು ಮುಚ್ಕೊಂಡಲ್ಲ."

ನಗು ಬರುವ ಮಾತು. ಆದರೆ ಮೇಡಂ ನಗಲಿಲ್ಲ.

ವ್ಯಾನಕ್ಕ ಸೀದಾ ಗ್ರೀಸಿನ ಗ್ಯಾರೇಜಿಗೆ ಹೋದಳು. ಗ್ರೀಸು ಅನ್ನುವುದು ಅವಳ ಗಂಡನ ಗೆಳೆಯನಿಗೆ ಅಂಟಿದ ಅಡ್ಡಹೆಸರು. ಸ್ವಂತ ಮದುವೆಯ ಫೋಟೋದಲ್ಲೂ ಅವನ ಉಗುರು ಕಪ್ಪಗಿತ್ತು, ಆವತ್ತಿನಿಂದ ಗ್ರೀಸು. ಗಂಡನಿಗಿಂತ ಚಿಕ್ಕವನು, ಅವಳನ್ನು ಅತ್ತಿಗೆ ಅನ್ನುತ್ತಿದ್ದ. ವ್ಯಾನು ಅವನ ಕೈ ಬಿಟ್ಟು ಬೇರೆ ಯಾರ ಕೈಗೂ ಹೋಗಿದ್ದಿಲ್ಲ.

ಗ್ರೀಸು ಸೀಟು ಎತ್ತಿದ. ಟಾರ್ಚು ಬಿಟ್ಟು ನೋಡಿದ. ಎಂಜಿನ್ನಿನ ಹಿಂದಿನಿಂದ ಕೆಳಕ್ಕೆ ಇಳಿದಿದ್ದ ರಬ್ಬರ್ ಪೈಪಿನ ಮೇಲೆ ಕೈ ಇಟ್ಟ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿ ಕೈ ತೆಗೆದ.

"ಅತ್ತಿಗೆ, ನೀವು ಮನೆಗೆ ಹೋಗಿ. ಸಂಜೆ ನಾನೇ ತಂದು ಬಿಡ್ತೀನಿ."

"ಪರವಾಗಿಲ್ಲ, ಇರ್ತೀನಿ."

"ಬಿಸಿಲು."

"ಬಿಸಿಲು ನನಗೇನು ಹೊಸದಾ?"

ಅವಳು ನಿಂತಳು. ಗಂಡ ಹೇಳಿಕೊಟ್ಟಿದ್ದು ಹಾಗೆ. ಗಾಡಿ ಗ್ಯಾರೇಜಿನಲ್ಲಿ ಬಿಟ್ಟು ಬರಬಾರದು, ಗ್ಯಾರೇಜು ಸ್ವಂತ ತಮ್ಮನದಾದರೂ ಸರಿ, ಕಣ್ಣಲ್ಲಿ ಕಣ್ಣಿಟ್ಟು ಪಕ್ಕದಲ್ಲಿ ನಿಂತಿರಬೇಕು. ಅವನು ಹಾಗೇ ನಿಲ್ಲುತ್ತಿದ್ದ, ಗ್ರೀಸು ಅದಕ್ಕೇ ಅವನನ್ನು "ಇನ್‌ಸ್ಪೆಕ್ಟರು" ಅಂತ ಛೇಡಿಸುತ್ತಿದ್ದ. ಈಗ ಅವಳು ನಿಂತಳು.

ಗ್ರೀಸು ತಲೆ ಕೆರೆದುಕೊಂಡ. ಎಂಜಿನ್ನಿನ ನೆತ್ತಿಯ ಮೇಲಿನ ತಗಡಿನ ಮುಚ್ಚಳ ಬಿಚ್ಚಿ, ಅದರ ಕೆಳಗಿನ ಪ್ಯಾಕಿಂಗ್ ಬದಲಾಯಿಸಿದ. ಎಣ್ಣೆ ಹೊರಗೆ ಬಾರದ ಹಾಗೆ ಸಂದಿಗೆ ಕೂರಿಸುವ ಪಟ್ಟಿ ಅದು. "ಹಳೇದಾಗಿ ಗಟ್ಟಿಯಾಗಿತ್ತು ಅತ್ತಿಗೆ, ಇನ್ನು ಸೋರಲ್ಲ" ಅಂದ. ಅವಳ ಮುಖ ನೋಡದೆ ಅಂದ.

ಮಾರನೆಯ ದಿನ ಮತ್ತೆ ಕಲೆ.

ಮತ್ತೆ ಹೋದಳು. ಮತ್ತೆ "ಮನೆಗೆ ಹೋಗಿ ಅತ್ತಿಗೆ." ಮತ್ತೆ ನಿಂತಳು. ಈ ಸಲ ಮುಂದುಗಡೆಯ ಆಯಿಲ್ ಸೀಲು ಅಂದ, ತಿರುಗುವ ದಂಡದ ಸುತ್ತ ಇರುವ ರಬ್ಬರ್ ಬಳೆ. ಅದನ್ನೂ ಹೊಸದು ಹಾಕಿದ. "ಒಂದು ಸುತ್ತು ಓಡಿಸಿ ನೋಡ್ಕೊಂಡು ಬರ್ತೀನಿ" ಅಂತ ಸೀಟಿಗೆ ಹತ್ತಿದ. ಅವಳು ಈ ಕಡೆ ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು. ಗ್ರೀಸು ನಿಟ್ಟುಸಿರು ಬಿಟ್ಟ. ದಾರಿಯಲ್ಲಿ, "ನೀರು ಬೇಕಾ ಅತ್ತಿಗೆ? ಅಲ್ಲಿ ಅಂಗಡಿ ಇದೆ, ಇಳಿದು ಕುಡಿದು ಬನ್ನಿ" ಅಂದ. ಬಾಟಲಿ ಇದೆ ಅಂದಳು. ಗಂಡ ಸತ್ತ ಮೇಲೆ ಇಷ್ಟು ಅಕ್ಕರೆಯಿಂದ ಕೇಳುವವರು ಇವನೊಬ್ಬನೇ ಅಂತ ಅವಳಿಗೆ ಕಣ್ಣು ತುಂಬಿತು.

ಮೂರನೆಯ ಸಲಕ್ಕೆ ಗ್ರೀಸು ಕೈ ಚೆಲ್ಲಿದ. "ಎಂಜಿನ್ ಇಳಿಸಬೇಕು ಅತ್ತಿಗೆ. ಗಾಡಿ ಇಲ್ಲೇ ಬಿಡಬೇಕಾಗತ್ತೆ."

"ಎಂಜಿನ್ ಇಳಿಸಿದರೆ ಬಟ್ಟೆ ಯಾವುದರಲ್ಲಿ ಹಾಕ್ಕೊಂಡು ಹೋಗಲಿ? ನಿನ್ನ ತಲೆ ಮೇಲಾ?"

ಅವನು ಸೀಟನ್ನು ವಾಪಸ್ಸು ಕೂರಿಸಿದ.

ಅದೇ ದಿನ ಲಾಡ್ಜಿನ ಮೇಡಂ ಕೊನೆಯ ಮಾತು ಹೇಳಿದಳು. ಸೋಮವಾರ ತರುವ ಬಟ್ಟೆಯಲ್ಲೂ ಆ ವಾಸನೆ ಇದ್ದರೆ ಬೇರೆಯವರಿಗೆ ಕೊಡುತ್ತೇನೆ. ಬೇರೆಯವರು ಯಾರು ಅಂತಲೂ ಹೇಳಿದಳು, ಬೆದರಿಸುವುದಕ್ಕಲ್ಲ, ಇರುವ ಮಾತು ಇದ್ದ ಹಾಗೆ. ಆ ಲಾಡ್ಜು ಹೋದರೆ ಉಳಿದ ಚಿಲ್ಲರೆ ಲಾಡ್ಜುಗಳನ್ನು ನಂಬಿ ಮಷಿನ್ನು ತಿರುಗಿಸಲು ಆಗುವುದಿಲ್ಲ. ಮನೆಯಲ್ಲಿ ಅವಳು, ಅವಳ ಅತ್ತೆ. ಇಬ್ಬರ ಹೊಟ್ಟೆಯೂ ಆ ಲಾಡ್ಜಿನ ಮೇಲೆ ನಿಂತಿತ್ತು.

ಭಾನುವಾರ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ವ್ಯಾನಕ್ಕ ಅಂಗಳಕ್ಕೆ ಬಂದು ಸೀಟು ಎತ್ತಿದಳು. ಸೀಟು ಎತ್ತುವಾಗ ಕೈ ಒಂದು ಗಳಿಗೆ ನಿಂತಿತು. ಅವನು ಕೊನೆಗೆ ಕೂತಿದ್ದ ಸೀಟು. ಆಮೇಲೆ ಎತ್ತಿ ಗೋಡೆಗೆ ಒರಗಿಸಿದಳು.

ಎಂಜಿನ್ನು ಎಣ್ಣೆ, ಧೂಳು ಸೇರಿ ಕೆಸರು ಮೆತ್ತಿದ ಹಾಗಿತ್ತು. ಹೀಗಿದ್ದರೆ ಯಾವ ಬ್ರಹ್ಮನಿಗೂ ಏನೂ ಕಾಣುವುದಿಲ್ಲ. ಎಣ್ಣೆ ಮೇಲಿನಿಂದ ಹುಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಹಳೆಯ ಬ್ರಷ್ಷು, ಡೀಸೆಲ್ಲು ತಂದು ಮೂಲೆಮೂಲೆ ಉಜ್ಜಿದಳು. ಕೊಳೆ ತೆಗೆಯುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟಳು. ಆಮೇಲೆ ಒಳಗೆ ಹೋಗಿ ಕನ್ನಡಿಯ ಮುಂದಿದ್ದ ಗಂಡನ ಮುಖದ ಪೌಡರು ಡಬ್ಬಿ ತಂದಳು. ಇನ್ನೂ ಅರ್ಧ ಇತ್ತು. ಅವನೇ ಹಿಂದೆ ಯಾವುದೋ ಲಾರಿಗೆ ಹೀಗೆ ಮಾಡಿದ್ದ. ಎಂಜಿನ್ನಿನ ಮೇಲೆಲ್ಲ ಪೌಡರು ಉದುರಿಸಿದಳು. ಬೆಳ್ಳಗೆ ಕೂತಿತು. ಎಣ್ಣೆ ಎಲ್ಲಿ ಹುಟ್ಟುತ್ತದೋ ಅಲ್ಲಿ ಪೌಡರು ಮೊದಲು ಒದ್ದೆಯಾಗಿ ಕಪ್ಪಾಗುತ್ತದೆ. ಅಷ್ಟೇ ಉಪಾಯ.

ಸ್ಟಾರ್ಟ್ ಮಾಡಿ, ಮಂಡಿಯೂರಿ ಕೂತು ನೋಡಿದಳು.

ಮೊದಲು ಮುಚ್ಚಳದ ಎಡ ಅಂಚು ಕಪ್ಪಾಯಿತು. ಗ್ರೀಸು ಹೊಸ ಪ್ಯಾಕಿಂಗ್ ಹಾಕಿದ್ದ ಜಾಗ. ಹಾಳಾದವನು ಸರಿಯಾಗಿ ಕೂರಿಸಿಲ್ಲ ಅಂದುಕೊಂಡಳು. ಅಷ್ಟರಲ್ಲಿ ಬಲ ಅಂಚೂ ಕಪ್ಪಾಯಿತು. ಆಮೇಲೆ ಹೊಸ ಸೀಲಿನ ಸುತ್ತ. ಆಮೇಲೆ ಎಣ್ಣೆಯ ಮಟ್ಟ ನೋಡುವ ಕಡ್ಡಿ ಇದ್ದಕ್ಕಿದ್ದ ಹಾಗೆ ತನ್ನ ತೂತಿನಿಂದ ಟಕ್ಕನೆ ಮೇಲೆದ್ದು ಕೂತಿತು.

ಅವಳು ಹಿಂದೆ ಸರಿದಳು. ಒಂದು ಕಡೆ ಸೋರಿದರೆ ಅದು ಆ ಜಾಗದ ರೋಗ. ಎಲ್ಲ ಕಡೆಯಿಂದ ಒಟ್ಟಿಗೆ ಸೋರಿದರೆ ಒಳಗಿನಿಂದ ಏನೋ ನೂಕುತ್ತಿದೆ. ಎಣ್ಣೆ ಹುಯ್ಯುವ ಬಾಯಿಯ ಬಿರಡೆ ತಿರುಗಿಸಿದಳು. ಬುಸ್ ಅಂತ ಬಿಸಿ ಹೊಗೆ ಮುಖಕ್ಕೆ ಹೊಡೆಯಿತು.

ಹಳೆಯ ಎಂಜಿನ್ನುಗಳು ಒಳಗೊಳಗೇ ಹೊಗೆ ಮಾಡಿಕೊಳ್ಳುತ್ತವೆ. ಅದು ಹೊರಗೆ ಹೋಗುವುದಕ್ಕೆ ಅಂತಲೇ ಒಂದು ರಬ್ಬರ್ ಪೈಪು ಇರುತ್ತದೆ, ಬ್ರೀದರ್ ಪೈಪು ಅನ್ನುತ್ತಾರೆ. ಎಂಜಿನ್ನಿನ ಮೂಗು ಅಂತ ಇಟ್ಟುಕೊಳ್ಳಿ. ಅವಳು ಕೆಳಗೆ ಬಗ್ಗಿ ಆ ಪೈಪಿನ ಬಾಯಿಗೆ ಅಂಗೈ ಹಿಡಿದಳು. ಗಾಳಿ ಇಲ್ಲ. ಹೊಗೆ ಇಲ್ಲ. ಒಂದಿಷ್ಟು ಬೆಚ್ಚಗೂ ಇಲ್ಲ.

ಎಂಜಿನ್ ಆರಿಸಿ, ಪೈಪಿನ ಮೇಲ್ತುದಿಯ ಕ್ಲಿಪ್ಪು ಸಡಿಲಿಸಿ ಎಳೆದಳು. ಬೆರಳು ಹಾಕಿದಳು. ಏನೋ ಗಟ್ಟಿ ಸಿಕ್ಕಿತು. ಇಕ್ಕಳದಿಂದ ಹಿಡಿದು ಎಳೆದರೆ ಒಂದು ಮರದ ತುಂಡು ಬಂತು. ಪೈಪಿನ ಅಳತೆಗೆ ಕೆತ್ತಿದ್ದು. ಬಿಗಿಯಾಗಿ ಕೂರಲಿ ಅಂತ ಸುತ್ತ ಬಟ್ಟೆ ಸುತ್ತಿತ್ತು. ಬಟ್ಟೆಗೆ ಹಸಿರು ದಾರ ಸುತ್ತಿ ಗಂಟು ಹಾಕಿತ್ತು.

ದಾರ ಅವಳ ಹೊಲಿಗೆ ಡಬ್ಬಿಯದು. ಗಂಟು ಅವನದು. ಮೂಟೆ ಕಟ್ಟುವಾಗ ಅವನೊಬ್ಬನೇ ಹಾಗೆ ಹಾಕುತ್ತಿದ್ದ, ಎರಡು ಸುತ್ತು ಹಿಂದಕ್ಕೆ ತಂದು, ತುದಿ ಹಲ್ಲಲ್ಲಿ ಕಡಿದು.

ಈ ತುಂಡು ಯಾಕೆ ಅಂತ ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳಿಗೆ ಅದನ್ನು ಹೇಳಿಕೊಟ್ಟವನೂ ಅವನೇ. ವ್ಯಾನು ಕೊಳ್ಳಲು ಇಬ್ಬರೂ ಬೀದಿ ಬೀದಿ ಸುತ್ತಿದ ಕಾಲ ಅದು. ಒಂದು ಕಡೆ ನೀಲಿ ಬಣ್ಣದ ವ್ಯಾನು ಅವಳಿಗೆ ತುಂಬಾ ಹಿಡಿಸಿತ್ತು. ಅವನು ಸೀಟು ಎತ್ತಿ, ಪೈಪು ಕಿತ್ತು, ಒಳಗಿನಿಂದ ಹೀಗೇ ಒಂದು ತುಂಡು ಎಳೆದು ಮಾರುವವನ ಕೈಯಲ್ಲಿಟ್ಟಿದ್ದ. ದಾರಿಯುದ್ದಕ್ಕೂ ನಗುತ್ತಾ ಹೇಳಿದ್ದ: "ಎಂಜಿನ್ ಸವೆದಿದ್ರೆ ಈ ಪೈಪಲ್ಲಿ ಹೊಗೆ ಬರತ್ತೆ. ಕೊಳ್ಳೋನು ಅದನ್ನೇ ಮೊದಲು ನೋಡೋದು. ಅದಕ್ಕೇ ಗಾಡಿ ತೋರಿಸೋ ದಿನ ಕಳ್ಳನನ್ಮಕ್ಳು ಬಿರಡೆ ತುರುಕ್ತಾರೆ. ಅರ್ಧ ಗಂಟೆಗೆ ಏನೂ ಆಗಲ್ಲ. ಮರೆತು ಹಾಗೇ ಓಡಿಸಿದ್ರೆ ಉಸಿರು ಕಟ್ಟಿ ಸಿಕ್ಕಸಿಕ್ಕಲ್ಲಿ ಎಣ್ಣೆ ಕಕ್ಕತ್ತೆ."

ಗಾಡಿ ತೋರಿಸುವ ದಿನ.

ವ್ಯಾನಕ್ಕ ಅಂಗಳದಲ್ಲಿ ಕೂತೇ ಇದ್ದಳು. ಅವನು ಸತ್ತ ಮೇಲೆ ಮೊದಲ ಸಲ ಗಾಡಿ ತೆಗೆದಾಗ ಮುಂದಿನ ಟೈರು ಮೆತ್ತಗಿತ್ತು. ನಿಂತು ನಿಂತು ಗಾಳಿ ಇಳಿದಿದೆ ಅಂತ ತಾನೇ ಹಾಕಿಸಿಕೊಂಡು ಬಂದಿದ್ದಳು. ಇಳಿದಿರಲಿಲ್ಲ. ಹಾಕಿಸಿಯೇ ಇರಲಿಲ್ಲ. ಅವನು ಅವತ್ತು ಗಾಳಿ ಹಾಕಿಸಲು ಹೋಗಿರಲಿಲ್ಲ. ವ್ಯಾನು ಮಾರಲು ಹೋಗಿದ್ದ. ವಾಪಸ್ಸು ಬಂದು, ಬಿರಡೆ ತೆಗೆಯುವಷ್ಟೂ ಪುರುಸೊತ್ತಾಗದೆ, ಅದರ ಮೇಲೇ ಕೂತು ಸತ್ತ.

ಅವಳ ಹತ್ತಿರ ಇದ್ದದ್ದು ಒಂದೇ ಮಾತು. ಅದೂ ಸುಳ್ಳು.

ಗ್ರೀಸಿನ ಮನೆ ಗ್ಯಾರೇಜಿನ ಹಿಂದೆ. ಅವನು ಊಟ ಮುಗಿಸಿ ಕೈ ತೊಳೆಯುತ್ತಿದ್ದ. ಅವಳು ಬಾಗಿಲಲ್ಲಿ ನಿಂತು, ಮಾತಿಲ್ಲದೆ, ತುಂಡನ್ನು ನೀರಿನ ಬಕೆಟ್ಟಿನ ಪಕ್ಕ ಇಟ್ಟಳು.

ಗ್ರೀಸಿನ ಮುಖ ಬಿಳುಚಿಕೊಂಡಿತು. ಅಷ್ಟೇ ಸಾಕಾಗಿತ್ತು. ಆದರೂ ಕೇಳಿದಳು.

"ಗೊತ್ತಿತ್ತಾ ನಿನಗೆ?"

"ಅತ್ತಿಗೆ, ಕೂತ್ಕೊಳ್ಳಿ."

"ಗೊತ್ತಿತ್ತಾ ಇಲ್ವಾ?"

"ತುರುಕಿದ್ದು ಅವನೇ. ಬೇಡ ಕಣೋ ಅಂದೆ, ಕೇಳಲಿಲ್ಲ. ಬಂದಿದ್ದ ಮನುಷ್ಯ ನೋಡ್ಕೊಂಡು ಹೋದ ಮೇಲೆ ತೆಗೆದಿರ್ತಾನೆ ಅಂದ್ಕೊಂಡಿದ್ದೆ. ನೀವು ಎಣ್ಣೆ ಸೋರತ್ತೆ ಅಂತ ಬಂದ್ರಲ್ಲ, ಸೀಟು ಎತ್ತಿದ ತಕ್ಷಣ ಗೊತ್ತಾಯ್ತು."

"ಮತ್ತೆ ಪ್ಯಾಕಿಂಗು, ಸೀಲು?"

"ಏನು ಮಾಡ್ಲಿ? ನೀವು ಪಕ್ಕದಲ್ಲೇ ನಿಂತಿದ್ರಿ. ಒಂದು ಸಲ, ಒಂದೇ ಸಲ ನೀರು ಕುಡಿಯೋಕೆ ಹೋಗಿದ್ರೂ ಎಳೆದು ಬಿಸಾಕಿಬಿಡ್ತಿದ್ದೆ. ಎಲ್ಲ ಸರಿಹೋಗ್ತಿತ್ತು. ನಿಮಗೆ ಗೊತ್ತೂ ಆಗ್ತಿರಲಿಲ್ಲ."

"ಅಂದ್ರೆ ನಾನು ನಿಂತಿದ್ದೇ ತಪ್ಪು."

"ಹಾಗಲ್ಲ ಅತ್ತಿಗೆ."

"ಹಾಗೇ. ನೀರು ಬೇಕಾ ಅತ್ತಿಗೆ, ಬಿಸಿಲು ಅತ್ತಿಗೆ. ನಾನು ಅಕ್ಕರೆ ಅಂದ್ಕೊಂಡೆ ಕಣೋ. ಮನೆಗೆ ಹೋಗಿ ಅತ್ತೆ ಹತ್ರ ಹೇಳ್ದೆ, ಗ್ರೀಸಿಗೆ ಎಷ್ಟು ಒಳ್ಳೇ ಮನಸ್ಸು ಅಂತ. ಗಾಡಿ ಇಲ್ಲದಿದ್ರೆ ಲಾಡ್ಜು ಕೈ ತಪ್ಪತ್ತೆ ಅಂತ ಗೊತ್ತಿದ್ದೂ ಎಂಜಿನ್ ಇಳಿಸಬೇಕು ಅಂದೆಯಲ್ಲ."

"ಗಾಡಿ ಬಿಟ್ಟು ಹೋಗ್ತೀರ ಅಂತ ಹಾಗಂದೆ." ಗ್ರೀಸಿಗೆ ಅಳು ಬರುವ ಹಾಗಿತ್ತು. "ಸತ್ತವನ ಮಾನ ತೆಗೆಯೋದು ಹೇಗೆ? ನೀವು ಅವನ ಕೊನೇ ಮಾತು ಅಂತ ಎಲ್ಲರ ಹತ್ರ ಹೇಳ್ತಾ ಇದ್ರಿ. ಟೈರು, ಟೀ ಅಂತ. ನಾನು ಅಲ್ಲೇ ಕೂತಿದ್ದೆ. ಹೇಗೆ ಹೇಳ್ಲಿ?"

ಅವಳು ಗೋಡೆಗೆ ಒರಗಿದಳು. ತಾನು ಆ ಮಾತು ಹೇಳುವಾಗ ಕೂತಿದ್ದವರಲ್ಲಿ ಒಬ್ಬನಿಗೆ ಎಲ್ಲ ಗೊತ್ತಿತ್ತು.

"ಯಾಕೆ ಮಾರ್ತಿದ್ದ?"

ಗ್ರೀಸು ಬಿಡಿಸಿ ಬಿಡಿಸಿ ಹೇಳಿದ. ಒಂದು ಫ್ಯಾಕ್ಟರಿಯಲ್ಲಿ ಅವನಿಗೆ ಡ್ರೈವರ್ ಕೆಲಸ ಆಗಿತ್ತು. ಸಾಹೇಬರ ಕಾರು, ಇಸ್ತ್ರಿ ಮಾಡಿದ ಬಟ್ಟೆ, ಹೊರುವುದು ಗಿರುವುದು ಏನೂ ಇಲ್ಲ. ಒಂದನೇ ತಾರೀಕಿನಿಂದ ಬಾ ಅಂದಿದ್ದರು. "ಕಂಡವರ ಹಾಸಿಗೆ ಬಟ್ಟೆ ಹೊತ್ತು ಹೊತ್ತು ಸಾಕಾಯ್ತು ಕಣೋ ಅಂತಿದ್ದ. ನಿಮಗೆ ಹೇಳಿದ್ರೆ ನೀವು ಬಿಡಲ್ಲ, ಮನೆ ತಲೆ ಮೇಲೆ ಹೊತ್ಕೊಳ್ತೀರ, ಅದಕ್ಕೆ ವ್ಯಾನು ಹೋದ ಮೇಲೆ ಹೇಳ್ತೀನಿ ಅಂದ."

"ಅತ್ತೆಗೆ ಗೊತ್ತಾ?"

ಗ್ರೀಸು ಬಕೆಟ್ಟು ನೋಡಿದ.

"ಸರಿ" ಅಂದಳು.

ಹೊರಡುವಾಗ ಅವನು ಹಿಂದೆಯೇ ಬಂದ. "ಅತ್ತಿಗೆ, ಆ ಮನುಷ್ಯ ಈಗಲೂ ಕೇಳ್ತಿದಾನೆ. ಬೇಕಿದ್ರೆ ಕೊಟ್ಬಿಡೋಣ. ಒಬ್ಬರೇ ಎಷ್ಟು ಅಂತ ಹೊರ್ತೀರ? ಅದನ್ನ ಮತ್ತೆ ಹಾಕಿ ಒಂದು ಸಲ ತೋರಿಸಿದ್ರೆ..."

"ಹಾಕಿ, ಅವನ ಹೆಂಡತಿ ಕಿವಿ ಮೇಲೂ ಹೂವಿಡಲಾ?" ಅಂದಳು. ಗ್ರೀಸು ಅಲ್ಲೇ ನಿಂತ.

ಅತ್ತೆ ಎದ್ದು ಕೂತು ಬಟನ್ನು ಕಿತ್ತ ದಿಂಬಿನ ಕವರಿಗೆ ಬಟನ್ನು ಹಚ್ಚುತ್ತಿದ್ದಳು. ಕಣ್ಣು ಮಂಜಾದರೂ ಕೈಗೆ ದಾರಿ ಗೊತ್ತಿತ್ತು. ಸೊಸೆ ಎದುರು ಬಂದು ಕೂತಳು.

"ಅವರು ವ್ಯಾನು ಮಾರ್ತಿದ್ರಂತೆ."

ಸೂಜಿ ನಿಂತಿತು. "ಯಾರು ಹೇಳಿದ್ದು?"

"ಎಂಜಿನ್ನು."

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು. "ಹೇಳೋಣ ಅಂತಲೇ ಇದ್ದ ಕಣೇ. ನಿನಗೆ ಹೆದರ್ತಿದ್ದ."

"ನನಗೆ? ನಾನೇನು ಹುಲಿಯಾ?"

"ನಿನಗೆ ಆ ವ್ಯಾನು ಅಂದ್ರೆ ಪ್ರಾಣ. ಶೆಡ್ಡು ಅಂದ್ರೆ ಪ್ರಾಣ. ಅವಳು ಕಟ್ಟಿದ್ದು ಅಮ್ಮ, ನಾನು ಹೇಗೆ ಮುರೀಲಿ ಅಂದ. ಗಂಡಸು, ಬೇಸತ್ತಿದ್ದ. ಸತ್ತವನ ಮೇಲೆ ಯಾಕೆ ಮುನಿಸು? ಹೊಟ್ಟೆಗೆ ಹಾಕ್ಕೋ."

ವ್ಯಾನಕ್ಕ ತನ್ನ ಕೈ ನೋಡಿಕೊಂಡಳು. ಸೋಪಿನ ನೀರಿಗೆ ಬೆರಳ ಸಂದಿ ಬಿರಿದಿತ್ತು. ಒದ್ದೆ ಬೆಡ್‌ಶೀಟು ಹಿಂಡಿ ಹಿಂಡಿ ಮೊಣಕೈ ರಾತ್ರಿಯೆಲ್ಲ ಸಿಡಿಯುತ್ತಿತ್ತು. ಎಷ್ಟೋ ವರ್ಷದಿಂದ ಅವಳಿಗೂ ಸಾಕಾಗಿತ್ತು. ಎಷ್ಟೋ ಸಲ ಬಾಯಿ ತನಕ ಬಂದಿತ್ತು, ಇದೆಲ್ಲ ಬಿಟ್ಟುಬಿಡೋಣ ಅಂತ. ಅವನು ಬೆಳಿಗ್ಗೆ ಎದ್ದು ವ್ಯಾನಿನ ಗಾಜು ಒರೆಸುವುದನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದಳು. ಈ ವ್ಯಾನು ಹೋದರೆ ಇವನು ಬದುಕುವುದಿಲ್ಲ ಅಂದುಕೊಂಡಿದ್ದಳು.

"ಕೇಳಿದ್ರೆ ಹೂಂ ಅಂತಿದ್ದೆ ಅತ್ತೆ" ಅಂದಳು. "ಒಂದು ಮಾತು ಕೇಳಿದ್ರೆ ಸಾಕಿತ್ತು. ಅವತ್ತೇ ಹೂಂ ಅಂತಿದ್ದೆ."

ಅತ್ತೆ ಮುಂದಕ್ಕೆ ಬಗ್ಗಿದಳು. ಕೈ ನೀಡಿ ಸೊಸೆಯ ಮಂಡಿ ಮುಟ್ಟಲು ಹೋದಳು. ಸೊಸೆ ಎದ್ದಳು.

"ನೀವೂ ಹೇಳಲಿಲ್ಲ. ನಾನು ಅತ್ತಾಗೆಲ್ಲ ಬೆನ್ನು ಸವರಿದ್ರಿ. ಹೇಳಲಿಲ್ಲ. ಬಟನ್ನು ಮುಗಿಸಿ, ನಾಳೆ ಬೆಳಿಗ್ಗೆ ಹೋಗಬೇಕು."

ಹೊತ್ತು ಇರುವಾಗಲೇ ಗ್ರೀಸು ಸಾಮಾನಿನ ಪೆಟ್ಟಿಗೆ ಹಿಡಿದು ಅಂಗಳಕ್ಕೆ ಬಂದ. ಕರೆಯದೆ ಬಂದಿದ್ದ. ಅವಳು ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಒಳಗಿನ ಒತ್ತಡಕ್ಕೆ ಮುಚ್ಚಳದ ಹೊಸ ಪ್ಯಾಕಿಂಗು ಜಾಗ ಬಿಟ್ಟು ಹೊರಗೆ ಉಬ್ಬಿತ್ತು, ಸೀಲು ಬಾಯಿ ಮಡಚಿಕೊಂಡಿತ್ತು. ಎರಡನ್ನೂ ಬದಲಾಯಿಸಬೇಕಿತ್ತು. ಸೀಲು ಅವನು ಹಾಕಿದ. ಪ್ಯಾಕಿಂಗು ಕೂರಿಸಿ ಬೋಲ್ಟು ಬಿಗಿದವಳು ಅವಳೇ, ಒಂದೇ ಕಡೆಯಿಂದ ಬಿಗಿಯದೆ, ಎದುರುಬದುರು, ಸ್ವಲ್ಪ ಸ್ವಲ್ಪ.

"ಅಷ್ಟು ಸಾಕು ಅತ್ತಿಗೆ, ಜಾಸ್ತಿ ಬಿಗಿದ್ರೆ ಹರಿಯತ್ತೆ."

"ಗೊತ್ತು."

ಬ್ರೀದರ್ ಪೈಪಿನ ಒಳಗೆ ತಂತಿಗೆ ಬಟ್ಟೆ ಕಟ್ಟಿ ಎಳೆದು ಸ್ವಚ್ಛ ಮಾಡಿದಳು. ಆದರೆ ಇನ್ನೊಂದು ಕೆಲಸ ಇತ್ತು. ಪೈಪು ತೆರೆದು ಬಿಟ್ಟರೆ ಎಂಜಿನ್ನಿನ ಹೊಗೆ ಬರುತ್ತದೆ, ಹೊಗೆ ಬಂದರೆ ಮತ್ತೆ ಬಟ್ಟೆಗೆ ವಾಸನೆ. ಮೊದಲು ಅಷ್ಟನ್ನು ಮೇಡಂ ಗಮನಿಸಿರಲಿಲ್ಲ, ಈಗ ಮೂಗು ಚುರುಕಾಗಿದೆ. ಇಷ್ಟು ದಿನ ಎಂಜಿನ್ನು ಎಷ್ಟು ಸವೆದಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ, ಅದನ್ನೂ ಅವನು ಹೇಳಿರಲಿಲ್ಲ. ಮಷಿನ್ನಿನ ಕೊಳೆ ನೀರು ಹೊರಗೆ ಬಿಡುವ ಹಳೆಯ ರಬ್ಬರ್ ಪೈಪು ಶೆಡ್ಡಿನಲ್ಲಿ ಬಿದ್ದಿತ್ತು. ಅದನ್ನು ತಂದು ಜೋಡಿಸಿ, ಗಾಡಿಯ ಅಡಿಯಲ್ಲೇ ಹಿಂದಿನ ಬಂಪರಿನ ತನಕ ಎಳೆದು, ತಂತಿಯಿಂದ ಕಟ್ಟಿದಳು. ಹೊಗೆ ಇನ್ನು ರಸ್ತೆಗೆ, ಬಟ್ಟೆಗಲ್ಲ. ಗ್ರೀಸು ಬಗ್ಗಿ ನೋಡಿ, "ಇದು ನನಗೆ ಹೊಳೆದಿರಲಿಲ್ಲ" ಅಂದ.

"ನಿನಗೆ ಹೊಳೆದಿದ್ದೆಲ್ಲ ನೋಡಿದ್ದೀನಿ."

ಸ್ಟಾರ್ಟ್ ಮಾಡಿದರು. ಮತ್ತೆ ಪೌಡರು ಉದುರಿಸಿದಳು, ಡಬ್ಬಿ ಖಾಲಿಯಾಯಿತು. ಎಂಜಿನ್ನು ಕಾಯಿತು. ಮುಚ್ಚಳದ ಅಂಚು ಬಿಳಿ. ಸೀಲು ಬಿಳಿ. ಕಡ್ಡಿ ತನ್ನ ತೂತಿನಲ್ಲಿ ಸುಮ್ಮನೆ ಕೂತಿತ್ತು. ಹಿಂದೆ ಬಂಪರಿನ ಕೆಳಗೆ ಬ್ರೀದರಿನ ಹೊಗೆ ಬುಸುಬುಸು ಬರುತ್ತಿತ್ತು, ಯಾರು ಬೇಕಾದರೂ ನೋಡಬಹುದಾದ ಹಾಗೆ.

"ಅತ್ತಿಗೆ, ನನ್ನ ಮೇಲೆ ಕೋಪ..." ಅಂತ ಶುರು ಮಾಡಿದ ಗ್ರೀಸು.

"ಇದೆ" ಅಂದಳು. "ಹೋಗುವಾಗ ಗೇಟು ಹಾಕ್ಕೊಂಡು ಹೋಗು."

ಸೋಮವಾರ ಬೆಳಿಗ್ಗೆ ಲಾಡ್ಜಿನ ಮೇಡಂ ಮೇಲಿನ ಬೆಡ್‌ಶೀಟು ಬಿಟ್ಟು ಮೂಟೆಯ ಹೊಟ್ಟೆಯಿಂದ ಒಂದು ಎಳೆದಳು. ಮೂಗಿಗೆ ಹಿಡಿದಳು. ಇನ್ನೊಂದು ಎಳೆದಳು.

"ಸೋಪಿನ ವಾಸನೆ" ಅಂದಳು ಮೇಡಂ. "ಏನಾಗಿತ್ತಮ್ಮ ಗಾಡಿಗೆ?"

"ಪೈಪು ಕಟ್ಟಿತ್ತು."

"ಅಷ್ಟೇನಾ?"

"ಅಷ್ಟೇ ಮೇಡಂ."

"ಪಾಪ, ನಿಮ್ಮ ಯಜಮಾನರಿದ್ದಿದ್ರೆ ಒಂದು ಗಳಿಗೇಲಿ ಸರಿ ಮಾಡ್ತಿದ್ರು" ಅಂದಳು ಮೇಡಂ, ಕೊಳೆ ಬಟ್ಟೆಯ ಮೂಟೆ ತೋರಿಸುತ್ತಾ.

ವ್ಯಾನಕ್ಕ ಮೂಟೆ ಹೊತ್ತು ಇಳಿದಳು. ವ್ಯಾನಿಗೆ ಹಾಕಿ, ಹಿಂದಿನ ಬಾಗಿಲನ್ನು ಎಳೆದು ಮುಚ್ಚಿ, ಸೀಟಿಗೆ ಹತ್ತಿ ಹೊರಟಳು. ಲಾಡ್ಜು ಉಳಿಯಿತು. ಸಂತೋಷ ಆಗಬೇಕಿತ್ತು. ಆಗಲಿಲ್ಲ. ನಾಳೆಯೂ ಇದೇ ಮೂಟೆ, ನಾಡಿದ್ದೂ ಇದೇ.

ಮೊದಲ ತಿರುವಿನಲ್ಲಿ ಅವಳ ಬಾಯಿ ತಾನಾಗಿ ತೆರೆಯಿತು.

"ಹೆದರ್ತಿದ್ರಂತೆ. ನನಗೆ ಹೆದರ್ತಿದ್ರಂತೆ! ನಾನು ಯಾವತ್ತು ನಿಮ್ಮ ತಟ್ಟೆ ಎಳೆದಿದ್ದೆ? ಟೈರಿಗೆ ಗಾಳಿಯಂತೆ. ನನ್ನ ದಾರದಲ್ಲೇ ಗಂಟು ಹಾಕಿ ನನಗೇ ಟೋಪಿ ಹಾಕಿದ್ರಲ್ಲ. ಒಂದನೇ ತಾರೀಕು ಇಸ್ತ್ರಿ ಬಟ್ಟೆ ಹಾಕ್ಕೊಂಡು ಹೊರಡುವಾಗ ಏನಂತಿದ್ರಿ? ಅವತ್ತೂ ಗಾಳಿ ಅಂತಿದ್ರಾ?"

ಸಿಗ್ನಲ್ಲಿನಲ್ಲಿ ನಿಲ್ಲಿಸಿದಳು. ಪಕ್ಕದ ಸ್ಕೂಟರಿನವನು ತಿರುಗಿ ನೋಡಿದ. ವ್ಯಾನಿನಲ್ಲಿ ಬೇರೆ ಯಾರೂ ಕಾಣದೆ, ಇನ್ನೊಂದು ಸಲ ನೋಡಿದ. ಅವಳು ಗಾಜು ಏರಿಸಿದಳು.

"ನನಗೂ ಸಾಕಾಗಿತ್ತು ಕಣ್ರೀ" ಅಂದಳು. ದನಿ ಈಗ ಇಳಿದಿತ್ತು. "ನನಗೂ. ಇಬ್ಬರೂ ಒಟ್ಟಿಗೆ ಬಿಡಬಹುದಿತ್ತು. ನೀವೊಬ್ಬರೇ ಇಳಿದು ಹೋದ್ರಿ."

ಹಿಂದಿನವನು ಹಾರನ್ನು ಹೊಡೆದ. ಅವಳು ಗೇರು ಹಾಕಿ ಕ್ಲಚ್ಚು ಬಿಟ್ಟಳು. ಮನೆ ತಲುಪುವ ತನಕ ಬೈದಳು. ಅಂಗಳದಲ್ಲಿ ನಿಲ್ಲಿಸಿದ ಮೇಲೂ ಇಳಿಯದೆ, ಉಳಿದದ್ದನ್ನೂ ಬೈದು ಮುಗಿಸಿ, ಆಮೇಲೆ ಬಟ್ಟೆ ಇಳಿಸಿದಳು.